ಚಿಪ್ಪು ಮುಳುಗುವ ಹೊತ್ತು

ಅಕ್ಕಿ ಸುಳ್ಳು ಹೇಳಲಾರದು, ಗಡಿಯಾರವೂ ಸುಳ್ಳು ಹೇಳಲಾರದು, ಹಾಗಾದರೆ ಯಾರು? ತಟ್ಟೆಯಲ್ಲಿ ಮುದ್ದೆಯಾಗಿ ಕೂತ ಕುಚ್ಚಲಕ್ಕಿ ಅನ್ನವನ್ನು ಬೆರಳಿನಿಂದ ಒತ್ತಿ ನೋಡುತ್ತ ಪುಂಡಲೀಕ ಮೂರನೆಯ ಸಲ ಅದೇ ಪ್ರಶ್ನೆಗೆ ಬಂದು ನಿಂತ. ಮಧ್ಯಾಹ್ನದ ಅನ್ನ ಹೀಗೆ ಕರಗಿ ಹೋಗಿರುತ್ತದೆ. ಸಂಜೆಯ ಊಟಕ್ಕೆ ಅದೇ ಅಕ್ಕಿ, ಅದೇ ಪಾತ್ರೆ, ಅಲ್ಲಿಯ ಗಡಿಯಾರದ ಲೆಕ್ಕದಲ್ಲಿ ಅದೇ ಐವತ್ತು ತೆರೆ ಹೊತ್ತು. ಆದರೆ ಕಾಳಿನ ನಡುವೆ ಗಟ್ಟಿ ಉಳಿದಿರುತ್ತದೆ. ಗಾಳಿಯ ಒತ್ತಡದ್ದೇ ತಪ್ಪು ಅಂದರೆ ಎರಡು ಹೊತ್ತೂ ಒಂದೇ ಕಡೆಗೆ ತಪ್ಪಬೇಕಿತ್ತು. ಪಾತ್ರೆಯದಾದರೂ ಅಷ್ಟೇ. ಒಂದೇ ದಿನದಲ್ಲಿ ಎರಡು ಥರ ತಪ್ಪುವುದಕ್ಕೆ ಯಾರದೋ ಬುದ್ಧಿ ಬೇಕು.

"ಎಂತ ಮಾಸ್ತರೇ, ಅನ್ನಕ್ಕೆ ಜ್ವರ ಇದೆಯಾ ಅಂತ ನೋಡ್ತಿದ್ದೀರಾ?" ಎಂದಳು ಗುಲಾಬಕ್ಕ, ಸೌಟು ಹಿಡಿದುಕೊಂಡೇ.

ಪಂಕ್ತಿಯಲ್ಲಿ ಕೂತವರೆಲ್ಲ ನಕ್ಕರು. ಆ ನಗು ಬಾತುಕೋಳಿಗಳ ಹಿಂಡು ಕೂಗಿದ ಹಾಗೆ ಕೇಳಿಸಿತು. ಅಲ್ಲಿ ಎಲ್ಲರ ದನಿಯೂ ಹಾಗೆಯೇ. ಕಾರವಾರದ ದೀಪಸ್ತಂಭದಿಂದ ನಲವತ್ತು ಮೈಲಿ ಪಡುವಣಕ್ಕೆ, ಕಡಲಿನ ಅರುವತ್ತು ಮೀಟರ್ ಕೆಳಗೆ, ಉಕ್ಕಿನ ಆರು ಪೀಪಾಯಿಗಳನ್ನು ಒಂದಕ್ಕೊಂದು ಜೋಡಿಸಿ ಕಟ್ಟಿದ ವಸತಿ ಅದು. ಒಳಗಿನ ಗಾಳಿಯನ್ನು ಹೊರಗಿನ ನೀರಿನಷ್ಟೇ ಒತ್ತಿ ತುಂಬಿದ್ದರು, ಅದಕ್ಕೆ ಹೀಲಿಯಂ ಬೆರೆಸಿದ್ದರು. ಗಂಭೀರವಾಗಿ ಮಾತಾಡಿದರೂ ದನಿ ಕೀಚಲಾಗುತ್ತಿತ್ತು. ಮೂವತ್ತೆರಡು ಜನ ಅಲ್ಲಿ ನಾಲ್ಕು ನಾಲ್ಕು ತಿಂಗಳು ಇರುತ್ತಿದ್ದರು. ಹೆಚ್ಚಿನವರು ಮುಳುಗಾಳುಗಳು, ವಸತಿಯಿಂದ ಹೊರಬಿದ್ದು ಇನ್ನೂ ಆಳಕ್ಕೆ ಇಳಿದು, ಕಡಲತಳದ ಮರಳಿನಿಂದ ಕಂಪನಿಗೆ ಬೇಕಾದ ಲೋಹದ ಹರಳುಗಳನ್ನು ಕೊಳವೆಯಲ್ಲಿ ಹೀರಿ ತೆಗೆಯುವವರು.

ಗುಲಾಬಕ್ಕ ಅಡುಗೆಯವಳು. ಆ ಒತ್ತಡದಲ್ಲಿ ನೀರು ಕುದಿಯಬೇಕಾದರೆ ನೂರು ಡಿಗ್ರಿ ದಾಟಿ ಬಹಳ ದೂರ ಹೋಗಬೇಕು. ಅಷ್ಟು ಬಿಸಿ ಅಪಾಯವೆಂದು ಪಾತ್ರೆಗಳು ತೊಂಬತ್ತೈದಕ್ಕೇ ನಿಲ್ಲುತ್ತಿದ್ದವು. ಮುಚ್ಚಳಕ್ಕೆ ಬೀಗ, ಗುಳ್ಳೆ ಏಳುವುದಿಲ್ಲ, ಆವಿಯ ವಾಸನೆ ಬರುವುದಿಲ್ಲ. ಮೂವತ್ತು ವರ್ಷ ಮೂಗಿನಿಂದ ಅಡುಗೆ ಮಾಡಿದ ಹೆಂಗಸು ಅಲ್ಲಿ ಗೋಡೆಯ ಗಡಿಯಾರ ನೋಡಿ ಅನ್ನ ಇಳಿಸಬೇಕು. ಐವತ್ತು ತೆರೆ, ಅಷ್ಟೇ. ಮೊದಲ ತಿಂಗಳು ಅನ್ನ ಸರಿಯಾಗಿಯೇ ಇತ್ತು.

ಅವಳ ತಮ್ಮ ಜಟ್ಟು ಮುಳುಗಾಳುಗಳಲ್ಲಿ ಎಲ್ಲರಿಗಿಂತ ಹಳಬ. ಅಂದು ಅವನು ಎಡಗೈಯಲ್ಲಿ ಉಣ್ಣುತ್ತಿದ್ದ. ಯಾಕೆ ಎಂದು ಯಾರೋ ಕೇಳಿದ್ದಕ್ಕೆ, ಬಲಗೈ ರಜೆ ಹಾಕಿದೆ ಎಂದು ನಕ್ಕ. ಭುಜದ ಗಂಟು ಮೂರು ವಾರದಿಂದ ನೋಯುತ್ತಿತ್ತು; ಆ ಎರಡು ದಿನ ಅವನಿಗೆ ಇಳಿಯುವ ಸರದಿಯೂ ಇರಲಿಲ್ಲ. ಪುಂಡಲೀಕ ಅದನ್ನು ನೋಡಿದ, ತಟ್ಟೆಯನ್ನು ಅರ್ಧಕ್ಕೇ ಬಿಟ್ಟು ಎದ್ದ.

ಎದ್ದಿದ್ದು ನಾಚಿಕೆಯಿಂದಲೂ ಹೌದು. ಯಾಕೆಂದರೆ ತೆರೆ ಎಂಬ ಹೆಸರನ್ನು ಇಟ್ಟವನು ಅವನೇ.

ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ, ಹೆಚ್ಚು ಮಾತಿಲ್ಲದ ಕೆಲಸ ಸಿಕ್ಕಿದರೆ ಸಾಕು ಎಂದುಕೊಂಡಿದ್ದ ಅವನನ್ನು ಕಂಪನಿ ಕಾಲಪಾಲಕ ಎಂಬ ಹುದ್ದೆಗೆ ಕರೆದಿತ್ತು. ಕಡಲಡಿಯಲ್ಲಿ ಸೂರ್ಯನಿಲ್ಲ, ಕೋಳಿ ಕೂಗುವುದಿಲ್ಲ, ಕಡಲಿನ ಭರತ ಏರಿದ್ದೂ ಇಳಿದದ್ದೂ ತಿಳಿಯುವುದಿಲ್ಲ. ಮೇಲಿನ ಗಂಟೆ ನಿಮಿಷ ಹಿಡಿದುಕೊಂಡು ಕೂತರೆ, ಈಗ ಮನೆಯಲ್ಲಿ ಮಕ್ಕಳು ಶಾಲೆಯಿಂದ ಬಂದಿರುತ್ತವೆ, ಈಗ ದೋಣಿ ದಡಕ್ಕೆ ಹತ್ತಿರುತ್ತದೆ ಎಂದು ಜನ ಕೊರಗುತ್ತಾರೆ. ಆದ್ದರಿಂದ ವಸತಿಗೆ ಅದರದೇ ಆದ ಹೊತ್ತು ಬೇಕು, ಅದಕ್ಕೆ ನಮ್ಮದೇ ಹೆಸರು ಬೇಕು ಎಂದಿದ್ದರು ವಿಭಾಗದ ಮುಖ್ಯಸ್ಥೆ ಇಂದುಮತಿ ಮೇಡಂ. ಕೈಗಡಿಯಾರಗಳನ್ನೆಲ್ಲ, ಒತ್ತಡಕ್ಕೆ ಒಡೆಯುತ್ತವೆ ಎಂದು ಹೇಳಿ, ದಡದಲ್ಲೇ ಇರಿಸಿಕೊಂಡರು.

ಪುಂಡಲೀಕ ಮೂರು ತಿಂಗಳು ಮೀನುಗಾರರ ಕೇರಿಗಳಲ್ಲಿ ತಿರುಗಿದ. ಎಲೆಯಡಿಕೆಯ ಕವಳ ಹಾಕುವಷ್ಟು ಹೊತ್ತು, ಬಲೆ ಒಣಗುವಷ್ಟು ಹೊತ್ತು, ಮೂರು ಜಾವ, ಬೈಗು, ಗಳಿಗೆ. ನಲವತ್ತೊಂದು ಹೆಸರು ಬರೆದುಕೊಂಡು ಬಂದ. ಅವನ ಮನಸ್ಸಿದ್ದದ್ದು ಗಳಿಗೆಯ ಮೇಲೆ. ದಿನಕ್ಕೆ ಅರುವತ್ತು ಗಳಿಗೆ, ಒಂದೊಂದೂ ಇಪ್ಪತ್ತನಾಲ್ಕು ನಿಮಿಷ. ಅಜ್ಜಿಯರಿಗೂ ಗೊತ್ತು, ಗಣಿತಕ್ಕೂ ಸಲೀಸು. ಇಂದುಮತಿ ಮೇಡಂ ಕೆಂಪು ಪೆನ್ನಿನಿಂದ ಅದನ್ನೇ ಮೊದಲು ಹೊಡೆದು ಹಾಕಿದರು. ಹಳೆಯ ವಾಸನೆ, ಹೊಸತು ಬೇಕು ಎಂದರು. ಒಂದು ದಿನ ಬೇಸರ ಮಾಡಿಕೊಂಡು ಆಮೇಲೆ ಅವನು ತೆರೆ, ಉಬ್ಬರ ಎಂದು ಬರೆದುಕೊಟ್ಟ. ದಿನಕ್ಕೆ ಹತ್ತು ಉಬ್ಬರ, ಉಬ್ಬರಕ್ಕೆ ನೂರು ತೆರೆ. ಒಂದು ತೆರೆ ಎಂದರೆ ಒಂದೂವರೆ ನಿಮಿಷಕ್ಕೆ ಕೊಂಚ ಕಮ್ಮಿ, ಎಂಬತ್ತಾರು ಚಿಲ್ಲರೆ ಸೆಕೆಂಡು. ಕೆಲಸಕ್ಕೆ ಮೂರು ಉಬ್ಬರ, ಒತ್ತಡ ಇಳಿಸುವ ಕೋಣೆಯಲ್ಲಿ ಒಂದು ಉಬ್ಬರ, ಉಳಿದ ಆರು ಉಣ್ಣಲು, ಮಲಗಲು, ಹಾಡಲು. ಕನ್ನಡಕ್ಕೆ ತನ್ನದೇ ಕಾಲಮಾನ ಬಂತೆಂದು ಪತ್ರಿಕೆಗಳು ಹೊಗಳಿದವು. ಅವನಿಗೊಂದು ಶಾಲು ಹೊದಿಸಿದರು. ಆ ಶಾಲು ಈಗಲೂ ಅವನ ಪೆಟ್ಟಿಗೆಯಲ್ಲಿತ್ತು.

ಅಂದು ಊಟ ಬಿಟ್ಟು ಎದ್ದವನು ನೇರವಾಗಿ ನಿಯಂತ್ರಣ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ. ವಸತಿಯ ಎಪ್ಪತ್ತು ಗಡಿಯಾರಗಳೂ ಒಂದೇ ಹೊತ್ತು ತೋರಿಸುತ್ತಿವೆಯೇ ಎಂದು ನೋಡುವುದು ಅವನ ಕೆಲಸ. ಆ ಹೊತ್ತು ನಿಜವೇ ಎಂದು ನೋಡುವ ಕೆಲಸವನ್ನು ಯಾರೂ ಅವನಿಗೆ ಕೊಟ್ಟಿರಲಿಲ್ಲ. ತೆರೆಯ ಉದ್ದ ದಡದಿಂದ ತಂತಿಯಲ್ಲಿ ಬರುತ್ತಿತ್ತು. ಪಕ್ಕದಲ್ಲಿ ಒಂದು ಹಸಿರು ದೀಪ ಉರಿಯುತ್ತಿತ್ತು. ದೀಪ ಉರಿದರೆ ಎಲ್ಲ ಸರಿ ಎಂದರ್ಥ. ತಂತಿಯ ಇನ್ನೊಂದು ಎಳೆಯಲ್ಲಿ ಮೇಲಿನ ಲೋಕದ ಸೆಕೆಂಡು ಟಿಕ್ ಟಿಕ್ ಎಂದು ಬರುತ್ತಿತ್ತು, ಉಪಕರಣಗಳ ಉಪಯೋಗಕ್ಕೆ. ಇಷ್ಟು ದಿನ ಅದಕ್ಕೆ ಅವನು ಕಿವಿ ಕೊಟ್ಟಿರಲಿಲ್ಲ.

ಈಗ ಕೊಟ್ಟ. ಅಂದು ಇಳಿದಿದ್ದವರ ಕೆಲಸದ ಉಬ್ಬರ ಇನ್ನೂ ನಡೆದಿತ್ತು. ಒಂದು ತೆರೆ ಶುರುವಾದಲ್ಲಿಂದ ಮುಗಿಯುವವರೆಗೆ ಎಣಿಸಿದ. ತೊಂಬತ್ತಾರು. ಮತ್ತೆ ಎಣಿಸಿದ. ತೊಂಬತ್ತಾರು. ಮುಳುಗಾಳುಗಳು ಹಿಂದಿರುಗಿ ಒತ್ತಡ ಇಳಿಸುವ ಕೋಣೆ ಸೇರಿದ ಮೇಲೆ ಎಣಿಸಿದ. ಎಪ್ಪತ್ತೆಂಟಕ್ಕೇ ತೆರೆ ಮುಗಿದುಹೋಯಿತು. ಸಂಜೆಯ ಊಟದ ಹೊತ್ತಿಗೆ ಎಂಬತ್ತಮೂರು. ಒಟ್ಟು ಕೂಡಿಸಿದರೆ ದಿನ ಸರಿಯಾಗಿ ಇಪ್ಪತ್ತನಾಲ್ಕು ಗಂಟೆ. ಎಲ್ಲೂ ಹೆಚ್ಚಿಲ್ಲ, ಕಮ್ಮಿಯಿಲ್ಲ. ಅಷ್ಟು ಅಚ್ಚುಕಟ್ಟಾಗಿ ಕದ್ದಿದ್ದರು.

ದಿನಕ್ಕೆ ಮುಕ್ಕಾಲು ಗಂಟೆ ಹೆಚ್ಚು ಕೆಲಸ. ಅದನ್ನು ತುಂಬಿಸಿದ್ದು ಅವರ ನಿದ್ದೆಯಿಂದ ಅರ್ಧ ಗಂಟೆ, ಒತ್ತಡ ಇಳಿಸುವ ಕೋಣೆಯಿಂದ ಕಾಲು ಗಂಟೆ ಕಿತ್ತು. ನಿದ್ದೆಯದನ್ನು ಹೇಗೋ ತಡೆದುಕೊಳ್ಳಬಹುದು. ಆ ಕಾಲು ಗಂಟೆಯದೇ ಭಯ. ಆಳದಲ್ಲಿ ಉಸಿರಾಡಿದ ಗಾಳಿ ರಕ್ತದಲ್ಲಿ ಕರಗಿ ಕೂತಿರುತ್ತದೆ. ಮೆಲ್ಲಗೆ ಮೇಲೆ ಬಂದರೆ ಉಸಿರಿನೊಂದಿಗೆ ಹೊರಟುಹೋಗುತ್ತದೆ. ಅವಸರ ಮಾಡಿದರೆ ಸೋಡಾ ಬಾಟಲಿಯ ಮುಚ್ಚಳ ತೆಗೆದ ಹಾಗೆ ರಕ್ತದಲ್ಲೇ ಗುಳ್ಳೆ ಏಳುತ್ತದೆ. ಗುಳ್ಳೆ ಗಂಟುಗಳಲ್ಲಿ ನಿಂತರೆ ನೋವು. ಬೆನ್ನುಹುರಿಯಲ್ಲಿ ನಿಂತರೆ ಮನುಷ್ಯ ಏಳುವುದಿಲ್ಲ. ಜಟ್ಟುವಿನ ಬಲಗೈ ಯಾಕೆ ರಜೆ ಹಾಕಿದೆ ಎಂದು ಪುಂಡಲೀಕನಿಗೆ ಈಗ ತಿಳಿಯಿತು.

ಮರುದಿನ ಬೆಳಿಗ್ಗೆ ಪರದೆಯಲ್ಲಿ ಇಂದುಮತಿ ಮೇಡಂ ಕಂಡರು. ಅವರ ಹಿಂದಿನ ಕಿಟಕಿಯಲ್ಲಿ ಬಿಸಿಲಿತ್ತು. ಅವನು ಲೆಕ್ಕವನ್ನೆಲ್ಲ ಒಪ್ಪಿಸಿದ. ಅವರು ನಿರಾಕರಿಸುತ್ತಾರೆ, ಗಾಬರಿಯಾಗುತ್ತಾರೆ, ಕಡೇಪಕ್ಷ ಯಾರಿಗೋ ಫೋನ್ ಮಾಡುತ್ತಾರೆ ಎಂದುಕೊಂಡಿದ್ದ. ಅವರು ಚಹಾದ ಲೋಟ ಕೆಳಗಿಟ್ಟರು.

"ಎಲ್ಲಿ ಬರೆದಿದೆ ಪುಂಡಲೀಕ, ಎಲ್ಲ ತೆರೆಗಳೂ ಒಂದೇ ಉದ್ದ ಇರಬೇಕು ಅಂತ? ನೀವೇ ಬರೆದುಕೊಟ್ಟ ವ್ಯಾಖ್ಯೆ ನನ್ನೆದುರಿಗಿದೆ. ಒಂದು ತೆರೆ ಅಂದರೆ ದಿನದ ಸಾವಿರದಲ್ಲೊಂದು ಪಾಲು, ಸರಾಸರಿಯಲ್ಲಿ. ಸರಾಸರಿಯಲ್ಲಿ ಅಂತ ಸೇರಿಸಿದ್ದು ನೀವು."

ಸೇರಿಸಿದ್ದ. ಭೂಮಿ ಸುತ್ತುವುದರಲ್ಲಿ ಕೂದಲೆಳೆಯಷ್ಟು ಹೆಚ್ಚುಕಮ್ಮಿ ಇರುತ್ತದೆಂದು, ಯಾರಾದರೂ ವಿಜ್ಞಾನಿ ಓದಿದರೆ ನಗದಿರಲಿ ಎಂದು, ಓದಿಕೊಂಡವನ ಜಂಬದಿಂದ ಸೇರಿಸಿದ್ದ. ಆ ಒಂದು ಮಾತಿನ ಸಂದಿಯಲ್ಲಿ ಅವರು ಮೂವತ್ತೆರಡು ಜನರ ಮೈಯನ್ನು ತೂರಿಸಿಬಿಟ್ಟಿದ್ದರು.

ಡಾಕ್ಟರರು ಕೋಷ್ಟಕದಲ್ಲಿ ಸಾಕಷ್ಟು ಸಡಿಲ ಬಿಟ್ಟಿದ್ದಾರೆ, ಕಾಲು ಗಂಟೆಗೆ ಏನೂ ಆಗುವುದಿಲ್ಲ ಎಂದರು ಮೇಡಂ. ಗಳಿಗೆ ಎಂದು ಇಟ್ಟಿದ್ದರೆ ಅದೆಷ್ಟು ಉದ್ದ ಎಂದು ಎಲ್ಲರಿಗೂ ಗೊತ್ತಿರುತ್ತಿತ್ತು, ಕಂಪನಿಯ ಕೈಕಾಲು ಕಟ್ಟಿಹಾಕಿದ ಹಾಗಾಗುತ್ತಿತ್ತು ಎಂಬುದನ್ನೂ, ಹವಾಮಾನದ ಬಗ್ಗೆ ಹೇಳುವಂತೆ ಹೇಳಿದರು. ಕೊನೆಗೆ, ಮುಂದಿನ ತಿಂಗಳಿಗೆ ತೆರೆಗಿಂತ ಚಿಕ್ಕದಕ್ಕೊಂದು ಚಂದದ ಹೆಸರು ಬೇಕಾಗುತ್ತದೆ, ಯೋಚಿಸಿಟ್ಟಿರಿ ಎಂದು ಪರದೆ ಆರಿಸಿದರು.

ಪುಂಡಲೀಕ ಕಪ್ಪು ಪರದೆಯ ಮುಂದೆ ಕೂತೇ ಇದ್ದ. ಸಿಟ್ಟು ಬಂದಿತ್ತು. ಬಹಳ ಸಿಟ್ಟು. ಅದನ್ನು ಎಲ್ಲಿ ಇಡಬೇಕೆಂದು ಮಾತ್ರ ತಿಳಿಯಲಿಲ್ಲ. ಅವನ ಸಿಟ್ಟೆಲ್ಲ ಹುಟ್ಟಿನಿಂದ ಹಾಗೆಯೇ. ಗಂಟಲವರೆಗೆ ಬಂದು ಅಲ್ಲಿ ವಾಸ ಮಾಡಿಕೊಂಡಿರುತ್ತಿತ್ತು.

ಅಂದು ಮಧ್ಯಾಹ್ನ ಅಡುಗೆಮನೆಗೆ ಹೋದಾಗ ಮೇಜಿನ ಮೇಲೆ ಒಂದು ಬಾಲ್ದಿ ನೀರು, ನೀರಿನಲ್ಲಿ ತೇಲುವ ತೆಂಗಿನ ಚಿಪ್ಪು, ಸುತ್ತ ಜನ. ಚಿಪ್ಪಿನ ತಳದಲ್ಲಿ ಸೂಜಿ ತೂರುವಷ್ಟು ತೂತು. ಗುಲಾಬಕ್ಕನ ಅಪ್ಪ ಊರಿನ ಮದುವೆಗಳಲ್ಲಿ ಗಳಿಗೆ ಬಟ್ಟಲು ಕಾಯುತ್ತಿದ್ದವನು. ತೂತಿನಿಂದ ನೀರು ಏರಿ ಬಟ್ಟಲು ಮುಳುಗಿದರೆ ಒಂದು ಗಳಿಗೆ. ಇಷ್ಟು ಮುಳುಗಿಗೆ ಧಾರೆ ಎಂದು ಭಟ್ಟರಿಗೆ ಕೂಗಿ ಹೇಳುವುದು ಅವನ ಕೆಲಸ. ಅವನು ಸತ್ತ ಮೇಲೆ ಮಗಳು ಆ ಚಿಪ್ಪನ್ನು ಉಪ್ಪಿನ ಮರಿಗೆಯಲ್ಲಿ ಅಳತೆಗೆ ಇಟ್ಟುಕೊಂಡಿದ್ದಳು, ಇಲ್ಲಿಗೂ ಹಾಗೇ ತಂದಿದ್ದಳು. ಅನ್ನದ ಬಗ್ಗೆ ಬೈಸಿಕೊಂಡು ಬೈಸಿಕೊಂಡು ಸಾಕಾಗಿ ಈಗ ಅದನ್ನು ತೊಳೆದು ನೀರಿಗೆ ಬಿಟ್ಟಿದ್ದಳು. ಹಿಂದಿನ ದಿನ ಬೆಳಿಗ್ಗೆ ಬಿಟ್ಟಾಗ ಹದಿನೈದು ತೆರೆಗೆ ಮುಳುಗಿತ್ತು. ಸಂಜೆ ಹದಿನೇಳು ದಾಟಿತ್ತು. ಕೆಲಸಕ್ಕೆ ಇಳಿದಿದ್ದವರು ಅದನ್ನೇ ಒತ್ತಡ ಇಳಿಸುವ ಕೋಣೆಗೆ ಒಯ್ದು ಬಿಟ್ಟಾಗ ಹದಿನೆಂಟೂವರೆ.

"ನೀವು ಗಡಿಯಾರದ ಜನ, ಮಾಸ್ತರೇ," ಎಂದಳು ಅವಳು. ಕೀಚಲು ದನಿಯಲ್ಲೂ ಅವಳ ಮಾತಿಗೆ ತೂಕವಿತ್ತು. "ನಾನು ಓದಿದವಳಲ್ಲ. ಈ ತೆರೆ ಯಾವಾಗಲೂ ಒಂದೇ ಸಮ ಇರ್ತದಾ, ಇಲ್ವಾ? ಅಷ್ಟು ಹೇಳಿ. ತೆಂಗಿನ ಚಿಪ್ಪಿಗೆ ಸಂಬಳ ಇಲ್ಲ, ಅದು ಎಂತಕ್ಕೆ ಸುಳ್ಳು ಹೇಳ್ತದೆ?"

ಯಾರೂ ಉಣ್ಣುತ್ತಿರಲಿಲ್ಲ. ಪುಂಡಲೀಕ ಬಾಲ್ದಿಯೊಳಗೆ ನೋಡಿದ. ಒತ್ತಡ ಎಷ್ಟಿದ್ದರೂ ಚಿಪ್ಪಿನ ಒಳಗೂ ಹೊರಗೂ ಒಂದೇ. ತೂತಿನಲ್ಲಿ ನೀರು ಏರುವುದಕ್ಕೂ ಅದಕ್ಕೂ ಸಂಬಂಧವಿಲ್ಲ. ಪಿಯುಸಿ ಓದುವವರಿಗೂ ಇದು ಗೊತ್ತು. ಬಾಯಿ ತೆರೆದ. ಪರದೆಯ ಹಿಂದಿನ ಬಿಸಿಲು, ಚಹಾದ ಲೋಟ, ಸರಾಸರಿಯಲ್ಲಿ ಎಂಬ ತನ್ನದೇ ಅಕ್ಷರ ಎಲ್ಲ ಒಟ್ಟಿಗೆ ಕಣ್ಣಿಗೆ ಬಂದವು. ನಿಜ ಹೇಳಿದರೆ ಮುಂದಿನ ಮಾತು, ಇದನ್ನು ಬರೆದುಕೊಟ್ಟವರು ಯಾರು ಎಂಬುದೇ.

"ನೋಡಿ ಹೇಳ್ತೇನೆ," ಎಂದ.

ಗುಲಾಬಕ್ಕ ಚಿಪ್ಪನ್ನು ಎತ್ತಿ ಮತ್ತೆ ನೀರಿಗೆ ಬಿಟ್ಟಳು. ಜಟ್ಟು ಎಡಗೈಯಿಂದ ಅವನ ಬೆನ್ನು ತಟ್ಟಿದ. "ಬಿಡೇ ಅಕ್ಕಾ. ಮಾಸ್ತರು ನೋಡ್ತೇನೆ ಅಂದ ಮೇಲೆ ನೋಡಿದ ಹಾಗೇ. ನಾಳೆ ನಾನು ಕೆಲಸದಿಂದ ಬರುವುದರೊಳಗೆ ಸರಿ ಮಾಡಿ ಇಟ್ಟಿರ್ತಾರೆ."

ಮರುದಿನ ಜಟ್ಟು ಕೆಲಸಕ್ಕೆ ಇಳಿದ. ಮೂರು ಉಬ್ಬರ ಮುಗಿಸಿ ಬಂದ. ಒತ್ತಡ ಇಳಿಸುವ ಕೋಣೆಯಲ್ಲಿ ಒಂದು ಉಬ್ಬರ ಕಳೆದು, ಹಸಿರು ದೀಪ ಬಂದು, ಬಾಗಿಲು ತೆರೆದಾಗ ಎಲ್ಲರಿಗಿಂತ ಮುಂದೆ ಹೊರಬಂದವನು ನಾಲ್ಕು ಹೆಜ್ಜೆ ಇಟ್ಟು ಗೋಡೆ ಹಿಡಿದುಕೊಂಡ. ಕಾಲಿನಲ್ಲಿ ಇರುವೆ ಹರಿದ ಹಾಗಾಗುತ್ತಿದೆ ಎಂದ. ಆಮೇಲೆ ಕೂತ. ಆಮೇಲೆ ಏಳಲಿಲ್ಲ. ಮತ್ತೆ ಒತ್ತಡಕ್ಕೆ ಹಾಕಿ ಎರಡು ದಿನ ಕಾದರು. ನೋವು ಹೋಯಿತು, ಸೊಂಟದಿಂದ ಕೆಳಗಿನ ಅರಿವು ಬರಲಿಲ್ಲ. ಪುಂಡಲೀಕ ಗಾಜಿನ ಆಚೆಯಿಂದ ನೋಡಲು ಹೋದಾಗ ಜಟ್ಟು ಮಲಗಿಕೊಂಡೇ ಕೇಳಿದ:

"ನನ್ನ ಕಾಲಿಗೆ ಈಗ ಎಷ್ಟು ತೆರೆ ಆಯ್ತು ಮಾಸ್ತರೇ?"

ತಮಾಷೆಗೇ ಕೇಳಿದ್ದು.

ಮೂರನೆಯ ದಿನ ಮುಳುಗಾಳುಗಳು ಕೆಲಸಕ್ಕೆ ಇಳಿದರು. ಇಳಿಯದೇ ಇದ್ದಿದ್ದರೆ ಕಂಪನಿಗೆ ಉತ್ತರ ಸುಲಭವಾಗುತ್ತಿತ್ತು. ಇಳಿದರು, ಆದರೆ ಬಾಗಿಲ ಬಳಿ ಗುಲಾಬಕ್ಕ ಬಾಲ್ದಿ ಇಟ್ಟುಕೊಂಡು ಕೂತಳು. ಚಿಪ್ಪು ಮುಳುಗಿದಾಗೆಲ್ಲ ಎತ್ತಿ ಮತ್ತೆ ಬಿಟ್ಟು ಗಾಳಿ ಸೋಸುವ ಪೆಟ್ಟಿಗೆಯ ಇದ್ದಲಿನಿಂದ ಗೋಡೆಗೆ ಗೆರೆ ಎಳೆದಳು. ಹದಿನೆಂಟು ಗೆರೆಯಾದದ್ದೇ, ನೀರಿನಲ್ಲಿದ್ದವರನ್ನು ಕರೆಯುವ ಹಗ್ಗ ಜಗ್ಗಿದಳು. ಕೆಲಸದ ತೆರೆ ಇನ್ನೂ ಮೂವತ್ತರ ಹತ್ತಿರ ಬಾಕಿ ಇರುವಾಗಲೇ ಎಲ್ಲರೂ ಕೊಳವೆ ಬಿಟ್ಟು ವಾಪಸು ಬಂದರು. ಗುಲಾಬಕ್ಕನೊಡನೆ, ಬಾಲ್ದಿ ಸಮೇತ ಒತ್ತಡ ಇಳಿಸುವ ಕೋಣೆ ಹೊಕ್ಕರು. ಆರು ಮುಳುಗು ಕಾಯುವುದು ಎಂದು ತಮ್ಮತಮ್ಮಲ್ಲೇ ತೀರ್ಮಾನಿಸಿದ್ದರು. ಒಂದು ಉಬ್ಬರಕ್ಕೆ ಆರು ಗಳಿಗೆ ಎಂದು ಲೆಕ್ಕ ಹಾಕಿಕೊಡಲು ಅವರಿಗೆ ಎಂ.ಎಸ್ಸಿ. ಆದವನು ಬೇಕಾಗಲಿಲ್ಲ. ಹೊಸದಾಗಿ ಬಂದಾಗ ಗೋಡೆಗೆ ಅಂಟಿಸಿದ್ದ, ಪುಂಡಲೀಕನೇ ಬರೆದ ಸ್ವಾಗತದ ಹಾಳೆಯಲ್ಲಿ ಅದಿತ್ತು.

ಅವರು ಒಳಹೊಕ್ಕ ಕ್ಷಣದಿಂದಲೇ ದಡದಿಂದ ಗಿಡ್ಡ ತೆರೆ ಬರತೊಡಗಿತ್ತು. ಗಡಿಯಾರದಲ್ಲಿ ನೂರು ತೆರೆ ಮುಗಿಯಿತು. ಹಸಿರು ದೀಪ ಬಂತು. ಯಾರೂ ಹೊರಬರಲಿಲ್ಲ. ನಿಯಂತ್ರಣ ಕೋಣೆಯ ಪರದೆಯಲ್ಲಿ ಇಂದುಮತಿ ಮೇಡಂ, ಅವರಿಗೆ ಹೊತ್ತು ಮುಗಿಯಿತೆಂದು ಹೇಳಿ ಎಂದರು. ಪುಂಡಲೀಕ ಮೈಕಿನಲ್ಲಿ ಹೇಳಿದ. ಹೇಳುವಾಗ ದನಿ ಇನ್ನಷ್ಟು ಕೀಚಲಾಯಿತು.

ಆಚೆಯಿಂದ ಗುಲಾಬಕ್ಕನ ಉತ್ತರ ಬಂತು. "ನಿಮ್ಮ ಹೊತ್ತು ಮುಗಿದಿರಬಹುದು. ನಮ್ಮದಿನ್ನೂ ಅರ್ಧ ಚಿಪ್ಪು ಬಾಕಿ ಇದೆ."

ಇನ್ನೊಮ್ಮೆ ಹೇಳಿ ಎಂದರು ಮೇಡಂ. ಪುಂಡಲೀಕ ಮೈಕಿನ ಮೇಲೆ ಕೈಯಿಟ್ಟುಕೊಂಡು ಸುಮ್ಮನೆ ಕೂತ. ಅವನ ಬದುಕಿನಲ್ಲಿ ಅದಕ್ಕಿಂತ ದೊಡ್ಡ ಪ್ರತಿಭಟನೆ ಇರಲಿಲ್ಲ. ಪರದೆಯಲ್ಲಿ ಚಿಪ್ಪು ಕಾಣುತ್ತಿತ್ತು. ಅಂಚಿನವರೆಗೆ ಇಳಿಯಿತು, ಒಂದು ಕ್ಷಣ ಅಲ್ಲೇ ನಿಂತಿತು, ಆಮೇಲೆ ಸದ್ದಿಲ್ಲದೆ ತಳ ಸೇರಿತು. ಬಾಗಿಲು ತೆರೆದು ಒಬ್ಬೊಬ್ಬರಾಗಿ ಹೊರಬಂದರು. ಅಂದು ಯಾರ ಗಂಟೂ ನೋಯಲಿಲ್ಲ.

ಏಳು ದಿನ ಹಾಗೆಯೇ ನಡೆಯಿತು. ಕಡಲಡಿಯಿಂದ ಜನರನ್ನು ಎಳೆದುಕೊಂಡು ಹೋಗಲು ಆಗುವುದಿಲ್ಲ. ಜನರನ್ನು ಮೇಲೆ ಒಯ್ಯುವ ಉಕ್ಕಿನ ಸಂದೂಕಕ್ಕೇ, ಮೆಲ್ಲಗೆ ಒತ್ತಡ ಇಳಿಸುತ್ತ ಹೋಗಲು, ಮೂರು ದಿನ ಬೇಕು. ಬೇರೆಯವರನ್ನು ಇಳಿಸಿದರೂ ಅವರು ಬಂದು ನೋಡುವುದು ಮೊದಲು ಆ ಬಾಲ್ದಿಯನ್ನೇ. ಎಂಟನೆಯ ದಿನ ಕಂಪನಿಯ ಪ್ರಕಟಣೆ ಬಂತು. ಗಡಿಯಾರದ ಜಾಲದಲ್ಲಿದ್ದ ತಾಂತ್ರಿಕ ದೋಷವೊಂದನ್ನು ಸರಿಪಡಿಸಲಾಗಿದೆ. ಇನ್ನು ಎಲ್ಲ ತೆರೆಗಳೂ ಒಂದೇ ಉದ್ದ ಇರುತ್ತವೆ. ದುರ್ಘಟನೆಯ ಮರುದಿನವೇ ಈ ದೋಷವನ್ನು ತಮ್ಮ ಜಾಣ್ಮೆಯಿಂದ ಗುರುತಿಸಿ ಗಮನಕ್ಕೆ ತಂದ ಕಾಲಪಾಲಕ ಪುಂಡಲೀಕ ಅವರನ್ನು ಸಂಸ್ಥೆ ಅಭಿನಂದಿಸುತ್ತದೆ.

ಪುಂಡಲೀಕ ಆ ಹಾಳೆಯನ್ನು ನಾಲ್ಕು ಸಲ ಓದಿದ. ದುರ್ಘಟನೆಯ ಮರುದಿನ. ಎಷ್ಟು ಜೋಪಾನವಾಗಿ ಆರಿಸಿದ ದಿನ ಅದು. ಅದನ್ನು ಒಪ್ಪಿಕೊಂಡರೆ ಕಂಪನಿಗೂ ಗೊತ್ತಿರಲಿಲ್ಲ, ಅವನಿಗೂ ಗೊತ್ತಿರಲಿಲ್ಲ. ಒಲ್ಲೆ ಎಂದರೆ ಇಬ್ಬರಿಗೂ ಗೊತ್ತಿತ್ತು. ಪ್ರಕಟಣೆಯನ್ನು ಗೋಡೆಗೆ ಅಂಟಿಸುವುದು ಅವನದೇ ಕೆಲಸ. ಅಂಟಿಸಿದ.

ಮುಳುಗಾಳುಗಳು ಬಂದು ಅವನ ಕೈ ಕುಲುಕಿದರು. ಮಾತಾಡದಿದ್ದರೂ ಮನುಷ್ಯ ಗಟ್ಟಿ ಎಂದು ತಮ್ಮೊಳಗೆ ಹೇಳಿಕೊಂಡರು. ಅವನು ತಲೆ ತಗ್ಗಿಸಿದ್ದನ್ನು ವಿನಯ ಎಂದುಕೊಂಡರು.

ಜಟ್ಟುವನ್ನು ಮೇಲೆ ಕಳಿಸುವ ದಿನ ಎಲ್ಲರೂ ಸಂದೂಕದ ಬಾಗಿಲ ಬಳಿ ಸೇರಿದ್ದರು. ಜೊತೆಗೆ ಗುಲಾಬಕ್ಕನೂ ಹೊರಟಿದ್ದಳು. ಜಟ್ಟು ಸ್ಟ್ರೆಚರಿನಿಂದಲೇ ಎಲ್ಲರಿಗೂ ಒಂದೊಂದು ಕುಚೋದ್ಯ ಹಂಚಿ, ಮೇಲೆ ಹೋದರೆ ನನ್ನ ದನಿ ಗಂಡಸಿನದಾಗುತ್ತದಲ್ಲ, ಅದೇ ಲಾಭ ಎಂದ. ಯಾರೂ ಜೋರಾಗಿ ನಗಲಿಲ್ಲ. ಗುಲಾಬಕ್ಕ ಚಿಪ್ಪನ್ನು ಬಟ್ಟೆಯಲ್ಲಿ ಒರೆಸಿ, ಬಾಲ್ದಿಯ ಪಕ್ಕ ಮೊಳೆಗೆ ತೂಗುಹಾಕಿದಳು. ಗಡಿಯಾರ ಸರಿಯಾಗಿದೆಯಲ್ಲ, ಒಯ್ಯಿ ಎಂದು ಯಾರೋ ಅಂದರು. ಸರಿಯಾದದ್ದು ಮತ್ತೆ ಕೆಡುವುದಿಲ್ಲ ಎಂದು ಯಾರು ಬರೆದುಕೊಡುತ್ತಾರೆ, ಇಲ್ಲೇ ಇರಲಿ ಎಂದಳು.

ಕೊನೆಗೆ ಪುಂಡಲೀಕನ ಹತ್ತಿರ ಬಂದು ಅವನ ಎರಡೂ ಕೈ ಹಿಡಿದುಕೊಂಡಳು. ಅವಳ ಅಂಗೈಗೆ ಇದ್ದಲು ಮೆತ್ತಿತ್ತು.

"ನೋಡಿ ಹೇಳ್ತೇನೆ ಅಂದ್ರಿ, ನೋಡಿದ್ರಿ," ಎಂದಳು. "ಒಂದು ದಿನ ಮುಂಚೆ ನಿಮ್ಮ ಕಣ್ಣಿಗೆ ಬಿದ್ದಿದ್ದರೆ ನನ್ನ ತಮ್ಮ ನಡೆದುಕೊಂಡು ಹೋಗ್ತಿದ್ದ. ನಿಮ್ಮ ತಪ್ಪೇನಿದೆ? ಕಾಣುವಾಗ ಕಂಡಿತು."

ಅವನು ಏನೋ ಹೇಳುವವನಂತೆ ಉಸಿರು ಎಳೆದುಕೊಂಡ. ಅವಳು ಕಾದಳು. ಆಮೇಲೆ ಸಂದೂಕದ ಗಂಟೆ ಬಾರಿಸಿತು, ಅವಳು ಒಳಗೆ ಹೋದಳು, ಉಕ್ಕಿನ ಬಾಗಿಲು ಮುಚ್ಚಿತು.

ಅವಳು ಬಾಲ್ದಿಯ ಮುಂದೆ ನಿಂತು ಕೇಳಿದಾಗಲೇ, ಜಟ್ಟು ನೀರಿಗೆ ಇಳಿಯುವ ಹಿಂದಿನ ದಿನವೇ, ತನಗೆ ಎಲ್ಲ ಗೊತ್ತಿತ್ತು ಎಂಬುದನ್ನು ಪುಂಡಲೀಕ ಯಾರಿಗೂ, ಎಂದೂ ಹೇಳಲಿಲ್ಲ.